ಸ್ಲ್ಯಾಬಿನ ಮೇಲೆ ಸವಳು ಮಣ್ಣು

ಯಲಬುರ್ಗಾ ದಾಟಿ ಕೊಪ್ಪಳದ ಕಡೆ ಹೊರಟರೆ ರಸ್ತೆಯ ಎಡಕ್ಕೆ ಒಂದು ಉದ್ದನೆಯ ಕಲ್ಲಿನ ಕಟ್ಟಡ ಸಿಗುತ್ತದೆ. ಈಗ ಅದರ ಸುತ್ತ ಹಸಿರು ಬಟ್ಟೆ ಕಟ್ಟಿದ್ದಾರೆ. ಒಳಗಿನಿಂದ ದಿನವಿಡೀ ಒಡೆಯುವ ಸದ್ದು ಬರುತ್ತದೆ. ಒಂದು ಕಾಲಕ್ಕೆ ಅಲ್ಲಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಇತ್ತು, ನಾನು ಅಲ್ಲಿ ಜವಾನನಾಗಿದ್ದೆ. ಅದರ ದೊಡ್ಡ ಓದುವ ಕೋಣೆಯ ಸ್ಲ್ಯಾಬು ಕಳಚಿ ಉದುರತೊಡಗಿದಾಗ, ಅದನ್ನು ಹಾಕಿದ ಮೇಸ್ತ್ರಿ ಹಳ್ಳದ ಉಪ್ಪುಸುಕು, ಉಪ್ಪಿನ ಮರಳು, ಬಳಸಿದ್ದಾನೆ ಎಂದು ಊರೆಲ್ಲ ನಂಬಿತು. ಅವನು ಬಳಸಿರಲಿಲ್ಲ. ಸ್ಲ್ಯಾಬು ಕೆಡಿಸಿದವನು ನಾನು. ಇಷ್ಟು ಹೇಳುವುದಕ್ಕೆ ನನಗೆ ಮುಪ್ಪು ಬರಬೇಕಾಯಿತು. ಈಗ ಹೇಳುವಾಗ ಹಗುರವೂ ಅನಿಸುತ್ತಿಲ್ಲ, ದಣಿವಷ್ಟೇ ಅನಿಸುತ್ತದೆ.

ಆ ಕಟ್ಟಡ ಮೊದಲು ಹೇಗಿತ್ತು ಎಂದು ಹೇಳಬೇಕು. ನಕಾಶೆ ಬರೆದವರು ಹೊರಗಿನ ಊರಿನವರು. ಬರೆಯುವ ಮೊದಲು ಯಲಬುರ್ಗಾ, ಕುಷ್ಟಗಿ ಕಡೆಯ ಹಳೆಯ ಮಣ್ಣಿನ ಮಾಳಿಗೆಯ ಮನೆಗಳನ್ನು ತಿರುಗಿ ನೋಡಿದ್ದರು. ನಮ್ಮ ಮನೆಗೂ ಬಂದಿದ್ದರು. ಪಡಸಾಲೆಯಲ್ಲಿ ಕೂತು ತಲೆ ಎತ್ತಿ ಬೆಳಕಿಂಡಿಯನ್ನೇ ನೋಡುತ್ತಿದ್ದರು. ಮಾಳಿಗೆಯಲ್ಲಿ ಒಂದು ದುಂಡನೆಯ ತೂತು, ಮಳೆ ಬಂದರೆ ಮೇಲೆ ಹತ್ತಿ ಅದಕ್ಕೊಂದು ಹಾಸುಗಲ್ಲು ಮುಚ್ಚುವುದು, ಅಷ್ಟೆ. ಅದರಲ್ಲಿ ನೋಡುವುದೇನಿದೆ ಎಂದು ನಮ್ಮವ್ವ ನಗುತ್ತ ಮಜ್ಜಿಗೆ ಕೊಟ್ಟಿದ್ದಳು. ಆ ತೂತಿನಿಂದ ಇಳಿದ ಬಿಸಿಲು ಬೀಸುವ ಕಲ್ಲಿನ ಹತ್ತಿರ ಬಂತೆಂದರೆ ಒಲೆ ಹೊತ್ತಿಸುವ ಹೊತ್ತು. ಅವ್ವ ಗಡಿಯಾರ ಓದಲು ಕಲಿಯಲೇ ಇಲ್ಲ.

ಕಟ್ಟಡ ಎದ್ದಾಗ ನೋಡಿದರೆ ಅದು ನಮ್ಮ ಮನೆಯನ್ನೇ ದೊಡ್ಡದು ಮಾಡಿದಂತಿತ್ತು. ಗಿಲಾವು ಇಲ್ಲದ ಕಲ್ಲಿನ ಗೋಡೆ, ಪಡುವಣಕ್ಕೆ ಸಣ್ಣ ಕಿಟಕಿಗಳು, ಮುಂದೆ ಉದ್ದಕ್ಕೂ ಪಡಸಾಲೆ. ತರಗತಿಗಳದ್ದು ಒಂದು ಸಾಲು. ಅದರ ತುದಿಗೆ ಓದುವ ಕೋಣೆ. ಆ ಕೋಣೆಯ ಸ್ಲ್ಯಾಬಿನಲ್ಲಿ ಮಾತ್ರ ಅಲ್ಲಲ್ಲಿ ದುಂಡನೆಯ ಬೆಳಕಿಂಡಿ ಬಿಟ್ಟು, ಮೇಲೆ ದಪ್ಪ ಗಾಜು ಕೂರಿಸಿದ್ದರು. ಮಧ್ಯಾಹ್ನ ಫ್ಯಾನು ನಿಂತರೂ ಅಲ್ಲಿ ತಂಪು. ಹುಡುಗರು ಬಿಸಿಲಿನ ಸುತ್ತು ತಮ್ಮ ಪುಸ್ತಕದ ಮೇಲೆ ಬಂದರೆ ಎದ್ದು ಪಕ್ಕದ ಕುರ್ಚಿಗೆ ಹೋಗುತ್ತಿದ್ದರು. ಅದನ್ನು ನೋಡುತ್ತ ನಿಲ್ಲುವುದು ನನಗೆ ಇಷ್ಟದ ಕೆಲಸವಾಗಿತ್ತು.

ಮೇಸ್ತ್ರಿ ಬೇವೂರಿನವನು. ಕಟ್ಟುವಾಗ ನಾನು ಅಲ್ಲಿ ಕಾವಲುಗಾರ, ದಿನಗೂಲಿ. ಹತ್ತನೆಯ ಇಯತ್ತೆ ಮುಗಿಸಿದ್ದೆನೆಂದು ಸಾಮಾನಿನ ಲಾರಿ ಬಂದರೆ ನೋಡಿ ಇಳಿಸಿಕೊಳ್ಳುವ ಕೆಲಸವೂ ನನ್ನದೇ. ಅವನು ನನಗಿಂತ ಸ್ವಲ್ಪ ಹಿರಿಯ. ಸಂಬಂಧ ಏನೂ ಇಲ್ಲದಿದ್ದರೂ ನಾನು ಅವನನ್ನು ಮಾಂವ ಅನ್ನುತ್ತಿದ್ದೆ, ಅವನು ನನ್ನನ್ನು ಅಳ್ಯಾ ಅನ್ನುತ್ತಿದ್ದ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಅವನ ಬುತ್ತಿಯ ಶೇಂಗಾ ಚಟ್ನಿ ನನಗೆ, ನನ್ನ ಬುತ್ತಿಯ ಪುಂಡಿಪಲ್ಯ ಅವನಿಗೆ. ಅವನಿಗೊಂದು ರೂಢಿಯಿತ್ತು. ಉಸುಕಿನ ಲಾರಿ ಬಂದರೆ ಇಳಿಸುವ ಮೊದಲು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ನಾಲಿಗೆಯ ಮೇಲೆ ಆಡಿಸಿ ಉಗುಳುತ್ತಿದ್ದ. ಹೊಳೆಯ ಉಸುಕು ಸಪ್ಪಗೆ, ಹಳ್ಳದ ಉಸುಕು ಉಪ್ಪು. ಉಪ್ಪು ಹತ್ತಿದರೆ ಲಾರಿ ವಾಪಸು. ಓದುವ ಕೋಣೆಯ ಸ್ಲ್ಯಾಬಿಗೆ ಉಸುಕು ಬಂದ ದಿನ ನನ್ನ ಅಂಗೈಗೂ ಒಂದು ಚಿಟಿಕೆ ಹಾಕಿ, ನೀನೂ ನೋಡು, ನಾಳೆ ಸಾಕ್ಷಿ ಬೇಕಾದೀತು ಎಂದು ಚೇಷ್ಟೆ ಮಾಡಿದ್ದ. ನಾನು ಬಾಯಿಗೆ ಹಾಕಿಕೊಂಡೆ. ಸಪ್ಪಗಿತ್ತು. ಹಲ್ಲಿಗೆ ಸಿಕ್ಕ ಕರಕರ ಸಂಜೆಯ ತನಕ ಹೋಗಲಿಲ್ಲ.

ಕಟ್ಟಡ ಮುಗಿದು ಕೇಂದ್ರ ಶುರುವಾದ ಮೇಲೆ ನನ್ನನ್ನು ಅಲ್ಲೇ ದಿನಗೂಲಿ ಜವಾನನನ್ನಾಗಿ ಇಟ್ಟುಕೊಂಡರು. ಮರು ವರ್ಷದ ಮಳೆಗೆ ಓದುವ ಕೋಣೆ ಸೋರಿತು. ಗಾಜು ಕೂತ ಅಂಚಿನಿಂದ ನೀರು ಒಸರುತ್ತಿತ್ತು. ಮೇಸ್ತ್ರಿ ಆಗ ಗಂಗಾವತಿಯಲ್ಲಿ ಅಕ್ಕಿ ಗಿರಣಿಯೊಂದರ ಕೆಲಸ ಹಿಡಿದಿದ್ದ. ಗಾಜಿನ ಸುತ್ತ ಡಾಂಬರು ಹಚ್ಚಿದರೆ ನಿಲ್ಲುತ್ತದೆ, ಈ ಕೆಲಸ ಮುಗಿಸಿ ಬಂದು ನಾನೇ ಹಚ್ಚುತ್ತೇನೆ ಎಂದು ಹೇಳಿ ಕಳಿಸಿದ. ಕೇಂದ್ರದ ಮುಖ್ಯಸ್ಥರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಪುಸ್ತಕ ನೆನೆದ ಸಿಟ್ಟನ್ನೆಲ್ಲ ನನ್ನ ಮೇಲೆ ಹಾಕಿದರು. ಸೋರುವ ಮಾಳಿಗೆಗೆ ಏನು ಮಾಡಬೇಕೆಂದು ನನಗೆ ಗೊತ್ತಿಲ್ಲವೇ ಎಂದು ನಾನೂ ಹುಮ್ಮಸ್ಸಿಗೆ ಬಿದ್ದೆ.

ನಮ್ಮ ಕಡೆ ಮಣ್ಣಿನ ಮಾಳಿಗೆಯ ಮನೆಯಲ್ಲಿ ಹುಟ್ಟಿದವರಿಗೆ ಇದು ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಮೃಗಶಿರಾ ಮಳೆಗೆ ಮೊದಲು ಹಳ್ಳದ ದಂಡೆಯಿಂದ ಸವಳು ಮಣ್ಣು ತರುತ್ತಾರೆ. ಬೆಳ್ಳಗೆ ಉಪ್ಪು ಎದ್ದ ಮಣ್ಣು. ಅದನ್ನು ಮಾಳಿಗೆಯ ತುಂಬ ಹರವಿ, ನೀರು ಚಿಮುಕಿಸಿ ಬಡಿಯುತ್ತಾರೆ. ಉಪ್ಪಿನ ಮಣ್ಣಲ್ಲಿ ಹುಲ್ಲು ಹುಟ್ಟುವುದಿಲ್ಲ, ಹನಿ ಬಿದ್ದ ಕೂಡಲೇ ಅದು ಅಂಟಿ ಬಿಗಿದು ನೀರನ್ನು ಒಳಗೆ ಬಿಡುವುದಿಲ್ಲ. ಅಪ್ಪ ಪ್ರತಿ ವರ್ಷ ಕತ್ತೆಯ ಮೇಲೆ ಹೇರಿಸಿ ತರಿಸುತ್ತಿದ್ದ. ನಾನು ಒಂದು ರವಿವಾರ, ಕೇಂದ್ರದಲ್ಲಿ ಯಾರೂ ಇಲ್ಲದಾಗ, ಟ್ರ್ಯಾಕ್ಟರಿನಲ್ಲಿ ತರಿಸಿದೆ. ಓದುವ ಕೋಣೆಯ ಸ್ಲ್ಯಾಬಿನ ಮೇಲೆ ಈ ಅಂಚಿನ ಕುಂಬಿಗೋಡೆಯಿಂದ ಆ ಅಂಚಿನ ಕುಂಬಿಯ ತನಕ, ಗಾಜುಗಳನ್ನಷ್ಟೇ ಬಿಟ್ಟು, ಕೈಯಾರೆ ಹರವಿ ಬಡಿದೆ. ತರಗತಿಗಳ ಸಾಲು ಸೋರುತ್ತಿರಲಿಲ್ಲ, ಹಾಗಾಗಿ ಆ ಕಡೆ ಹೋಗಲಿಲ್ಲ.

ಸೋರುವುದು ನಿಂತಿತು. ಮುಖ್ಯಸ್ಥರು ಹೇಗೆಂದು ಕೇಳದೆಯೇ ಎಲ್ಲರೆದುರು ಹೊಗಳಿದರು. ಮೇಸ್ತ್ರಿ ಗಂಗಾವತಿಯಿಂದ ಬಂದು ವಿಚಾರಿಸಿದಾಗ, ನೀನು ಬರುವುದೇನೂ ಬೇಡ ಮಾಂವ, ಸೋರುವುದು ನಿಂತಿದೆ ಎಂದಷ್ಟೇ ಹೇಳಿದೆ. ಹೇಗೆ ನಿಲ್ಲಿಸಿದೆ ಎಂದು ಹೇಳಲಿಲ್ಲ. ಅವನ ಕೆಲಸದ ಮೇಲೆ ನಾನು ಕೈಯಾಡಿಸಿದ್ದು ಅವನಿಗೆ ಸರಿ ಬರಲಿಕ್ಕಿಲ್ಲ ಎಂಬ ಸಣ್ಣ ಅಳುಕು, ನನ್ನದೇ ಜಾಣತನ ಎಂಬ ಸಣ್ಣ ಹೆಮ್ಮೆ. ಆಮೇಲೆ ಪ್ರತಿ ವರ್ಷ ಮಳೆಗೆ ಮೊದಲು ಹೊಸ ಮಣ್ಣು ಹಾಕುತ್ತ ಹೋದೆ. ಮಾಳಿಗೆಯ ಬಾಗಿಲಿನ ಕೀಲಿ ನನ್ನ ಹತ್ತಿರವೇ ಇರುತ್ತಿತ್ತು. ಬೇರೆ ಯಾರೂ ಮೇಲೆ ಹತ್ತುತ್ತಿರಲಿಲ್ಲ.

ಒಂದು ಮುಂಜಾನೆ ಬಾಗಿಲು ತೆಗೆದಾಗ ಓದುವ ಕೋಣೆಯ ನಡುವಿನ ಮೇಜಿನ ಮೇಲೆ ಕಾಂಕ್ರೀಟಿನ ಹೆಂಟೆಗಳು ಬಿದ್ದಿದ್ದವು. ಹುಡುಗರು ಇನ್ನೂ ಬಂದಿರಲಿಲ್ಲ. ಮೇಲೆ ನೋಡಿದರೆ ಕಬ್ಬಿಣದ ಸರಳುಗಳು ತುಕ್ಕು ತಿಂದು, ಉಬ್ಬಿ, ತೊಗಟೆ ಎದ್ದ ಜಾಲಿಕಟ್ಟಿಗೆಯ ಹಾಗೆ ಕಾಣುತ್ತಿದ್ದವು. ಕೋಣೆಗೆ ಬೀಗ ಹಾಕಿದರು. ನಾಳೆ ತನಿಖೆಗೆ ಬರುತ್ತಾರೆ ಎಂದು ಸುದ್ದಿಯಾಯಿತು. ಅಂದು ಚಹಾ ಕೊಡಲು ಹೋದಾಗ ಒಬ್ಬ ಮೇಷ್ಟರು ಇನ್ನೊಬ್ಬರಿಗೆ, ಉಪ್ಪು ಸೇರಿದರೆ ಸಾಕು, ಕಬ್ಬಿಣ ಒಳಗೇ ಕೊಳೆಯುತ್ತದೆ, ಉಸುಕಿನಲ್ಲೇ ಉಪ್ಪಿದ್ದಿರಬೇಕು ಎಂದು ಹೇಳುತ್ತಿದ್ದರು. ಚಹಾದ ತಟ್ಟೆಯನ್ನು ಮೇಜಿನ ಮೇಲೆ ಇಟ್ಟು ಹೊರಗೆ ಬಂದೆ. ಮಣ್ಣಿನ ಮಾಳಿಗೆಯ ಕೆಳಗೆ ಇದ್ದದ್ದು ಕಟ್ಟಿಗೆಯ ತೊಲೆ ಮತ್ತು ಜಂತಿ. ಅಲ್ಲಿ ಕಬ್ಬಿಣವೇ ಇರಲಿಲ್ಲ. ಅಪ್ಪನಿಗೆ ಗೊತ್ತಾಗುವ ಪ್ರಸಂಗವೇ ಬಂದಿರಲಿಲ್ಲ.

ಇಲ್ಲಿಯ ತನಕ ನಡೆದದ್ದು ತಿಳಿಯದೆ ಮಾಡಿದ್ದು. ಇದರ ನಂತರದ್ದು ತಿಳಿದೇ ಮಾಡಿದ್ದು.

ನನ್ನ ನೌಕರಿ ಕಾಯಂ ಆಗುವ ಆದೇಶ ಇನ್ನೇನು ಬರುವುದಿತ್ತು. ಅಂದು ಮಧ್ಯಾಹ್ನ, ಕೇಂದ್ರಕ್ಕೆ ರಜೆ ಬಿಟ್ಟು ಎಲ್ಲರೂ ಮನೆಗೆ ಹೋದ ಹೊತ್ತಿನಿಂದ ಕತ್ತಲಾಗುವ ತನಕ, ಬುಟ್ಟಿ ಬುಟ್ಟಿಯಾಗಿ ಆ ಮಣ್ಣನ್ನು ಕೆಳಗಿಳಿಸಿ ಕಟ್ಟಡದ ಹಿಂದೆ ಸುರಿದೆ. ಸ್ಲ್ಯಾಬು ಗುಡಿಸಿ ನೀರು ಹಾಕಿ ತೊಳೆದೆ. ಮರುದಿನ ಬಂದವರು ಮೇಲೆ ಹತ್ತಿ ನೋಡಿ, ಎಷ್ಟು ಸ್ವಚ್ಛ ಇಟ್ಟಿದ್ದೀಯ ಎಂದರು. ಕೆಳಗೆ ಬಂದು ಕೇಳಿದರು, ಕಟ್ಟುವಾಗ ನೀನೇ ಇದ್ದಿಯಂತೆ, ಉಸುಕು ಎಲ್ಲಿಯದು, ಹೊಳೆಯದೋ ಹಳ್ಳದ್ದೋ. ಮೇಸ್ತ್ರಿಯನ್ನೂ ಕರೆಸಿದ್ದರು. ಅವನು ಪಡಸಾಲೆಯ ಕಂಬಕ್ಕೆ ಆತು ನನ್ನ ಕಡೆಗೇ ನೋಡುತ್ತಿದ್ದ.

"ನೆನಪಿಲ್ರಿ ಸಾಹೇಬ್ರ" ಅಂದೆ.

ಅವನು ಕಂಬದಿಂದ ಬೆನ್ನು ತೆಗೆದು ಹೊರಗೆ ಹೋದ.

ಅವನ ಮೇಲೆ ಕೇಸು ಗೀಸು ಏನೂ ಆಗಲಿಲ್ಲ. ಆಗಿದ್ದರೆ ನಾನು ಬಾಯಿ ಬಿಡುತ್ತಿದ್ದೆನೇನೋ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದದ್ದು ಬೇರೆ. ಯಲಬುರ್ಗಾದ ಬಸ್ ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಯ ಮುಂದೆ ಮುಂಜಾನೆ ಗೌಂಡಿಗಳು, ಕೂಲಿಯವರು ಸೇರುತ್ತಾರೆ. ಮನೆ ಕಟ್ಟಿಸುವವರು ಅಲ್ಲಿಗೇ ಬಂದು ಕರೆದೊಯ್ಯುತ್ತಾರೆ. ಅಲ್ಲಿ ಯಾರೋ ಅವನಿಗೆ ಉಪ್ಪಿನ ಮೇಸ್ತ್ರಿ ಎಂದು ಹೆಸರಿಟ್ಟರು. ಹೆಸರು ಹತ್ತಿಕೊಂಡಿತು. ಸ್ಲ್ಯಾಬಿನ ಕೆಲಸ ಯಾರೂ ಕೊಡಲಿಲ್ಲ. ಕೆಲವು ದಿನ ಕಾಂಪೌಂಡು ಗೋಡೆ, ಪಾಯಖಾನೆ ಕಟ್ಟಿದ. ಆಮೇಲೆ ಗಂಗಾವತಿಗೆ ಹೋಗಿ, ತಾನೇ ಕಟ್ಟಿದ ಗಿರಣಿಯಲ್ಲಿ ಚೀಲ ಹೊತ್ತ. ಮಗನಿಗೆ ಗೌಂಡಿ ಕೆಲಸ ಕಲಿಸಲಿಲ್ಲ. ಒಂದು ದಿನ ಆ ಅಂಗಡಿಯಲ್ಲಿ ನಾನು ಕೂತಿದ್ದಾಗ ಯಾರೋ, ಚಹಾ ಸಪ್ಪಗಾಗಿದೆ, ಉಪ್ಪಿನ ಮೇಸ್ತ್ರಿಯನ್ನು ಕರೆಯಿರಿ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕಾಯಂ ನೌಕರಿಯ ಇಸ್ತ್ರಿ ಅಂಗಿ ಹಾಕಿಕೊಂಡು ನಕ್ಕೆ.

ಮುಂದೆ ಸ್ನಾತಕೋತ್ತರ ಕೇಂದ್ರ ಬೇರೆ ಕಡೆ ಹೋಯಿತು. ಕಟ್ಟಡ ಏನೇನೋ ಆಯಿತು. ಚುನಾವಣೆಯ ಪೆಟ್ಟಿಗೆ ಇಟ್ಟರು, ಗೊಬ್ಬರದ ಚೀಲ ಇಟ್ಟರು. ಕೊರೋನಾ ಬಂದಾಗ, ದೂರದೂರಿಗೆ ದುಡಿಯಲು ಹೋಗಿ ಮರಳಿದವರನ್ನು ತರಗತಿಗಳಲ್ಲಿ ಮಲಗಿಸಿದರು. ನಿವೃತ್ತಿಯಾದ ಮೇಲೂ ಕೀಲಿ ಎಲ್ಲಿದೆ, ನಲ್ಲಿ ಎಲ್ಲಿದೆ ಎಂದು ನನ್ನನ್ನೇ ಕರೆಯುತ್ತಿದ್ದರು. ಓದುವ ಕೋಣೆಯ ಬೀಗ ಮಾತ್ರ ಯಾರೂ ತೆಗೆಸಲಿಲ್ಲ. ನನ್ನ ಹೆಂಡತಿ ತೀರಿಕೊಳ್ಳುವ ತನಕವೂ ಅವಳಿಗೆ ಈ ವಿಷಯ ಹೇಳಿರಲಿಲ್ಲ.

ಈಗ ಅದನ್ನು ಹೆಣ್ಣುಮಕ್ಕಳ ಹಾಸ್ಟೆಲ್ ಮಾಡುವುದೆಂದು ತೀರ್ಮಾನವಾಗಿದೆ. ಇಟ್ಟುಕೊಳ್ಳುವುದೋ ಕೆಡವುವುದೋ ನೋಡಲು ಗಂಗಾವತಿ ಕಡೆಯ ಒಬ್ಬ ಎಂಜಿನಿಯರ್ ಹೆಣ್ಣುಮಗಳು ಬಂದಳು. ಹಳಬ ಎಂದು ನನ್ನನ್ನು ಕರೆಸಿಕೊಂಡಳು. ಓದುವ ಕೋಣೆಯ ಬೀಗ ತೆಗೆಸಿ, ಸ್ಲ್ಯಾಬಿಗೆ ಅಲ್ಲಲ್ಲಿ ತೂತು ಕೊರೆದು ಪುಡಿ ತೆಗೆಸಿ ಪರೀಕ್ಷೆಗೆ ಕಳಿಸಿದಳು. ಫಲಿತಾಂಶ ಬಂದ ಮೇಲೆ ಮತ್ತೆ ಬಂದಳು, ಮುಖದಲ್ಲಿ ಗೊಂದಲ ಇತ್ತು. ಉಸುಕಿನಲ್ಲಿ ಉಪ್ಪಿದ್ದರೆ ಸ್ಲ್ಯಾಬಿನ ಮೇಲಿಂದ ಕೆಳಗಿನ ತನಕ ಒಂದೇ ಸಮ ಇರಬೇಕಿತ್ತು. ಇಲ್ಲಿ ಮೇಲ್ಭಾಗದಲ್ಲಿ ಭಾಳ, ಕೆಳಗಿಳಿದಂತೆ ಕಡಿಮೆ.

"ಉಪ್ಪು ಮ್ಯಾಲಿಂದ ಇಳದೈತಿ ಅಜ್ಜಾರ. ಎಲ್ಲಿಂದ ಬಂತು, ಎಲ್ಲೆಲ್ಲಿ ಇಳದೈತಿ ಗೊತ್ತಾಗದ ನಾ ಹೆಂಗ ಸಹಿ ಮಾಡ್ಲಿ? ನಾಳೆ ಹುಡುಗ್ಯಾರು ಮಲಗೋ ಜಾಗ. ಪೂರ್ತಿ ಕೆಡವಂತ ಬರದುಬಿಡ್ತೀನಿ."

ಪೂರ್ತಿ ಎಂದರೆ ತರಗತಿಗಳ ಸಾಲೂ ಸೇರಿ. ನಮ್ಮ ಊರ ಕಡೆ ಮೇಸ್ತ್ರಿ ಹಾಕಿದ ದೊಡ್ಡ ಸ್ಲ್ಯಾಬುಗಳಲ್ಲಿ ಉಳಿದದ್ದು ಅದೊಂದೇ. ಅದೂ ಹೋದರೆ ಅವನ ಹೆಸರಿಗೆ ಉಳಿಯುವುದು ಉಪ್ಪೊಂದೇ. ಅವಳು ಕಿಟಕಿಯಿಂದ ಹಿಂದಿನ ಬಯಲು ನೋಡುತ್ತ, ಎಲ್ಲ ಕಡೆ ಜಾಲಿ ಬೆಳೆದಿದೆ, ಅಲ್ಲೊಂದು ಕಡೆ ಯಾಕೆ ಹುಲ್ಲು ಕೂಡ ಇಲ್ಲ ಎಂದು ಸುಮ್ಮನೆ ಕೇಳಿದಳು. ನಾನು ಮಣ್ಣು ಸುರಿದ ಜಾಗ. ಇಷ್ಟು ವರ್ಷದ ಮಳೆಗೂ ಅಲ್ಲಿ ಏನೂ ಹುಟ್ಟಿರಲಿಲ್ಲ.

ಪಡಸಾಲೆಯ ಕಟ್ಟೆಯ ಮೇಲೆ ಕೂತು ಹೇಳಿದೆ. ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. ಕುಂಬಿಯಿಂದ ಎಲ್ಲಿಯ ತನಕ ಹಾಕಿದಿರಿ, ತರಗತಿಗಳ ಮೇಲೆ ಒಂದು ಬುಟ್ಟಿಯೂ ಹಾಕಿಲ್ಲವೇ ಎಂದು ಎರಡೆರಡು ಸಲ ಕೇಳಿ, ಮೇಲೆ ಕರೆದೊಯ್ದು ನನ್ನಿಂದಲೇ ಸುಣ್ಣದ ಗೆರೆ ಎಳೆಸಿದಳು. ಗೆರೆಯ ಆಚೆ ಮತ್ತೆ ಕೊರೆಸಿ ಪರೀಕ್ಷೆ ಮಾಡಿಸಿದಳು. ಆಚೆ ಉಪ್ಪಿರಲಿಲ್ಲ. ಓದುವ ಕೋಣೆಯ ಸ್ಲ್ಯಾಬನ್ನಷ್ಟೇ ತೆಗೆಸಿ, ಅದನ್ನು ಹುಡುಗಿಯರಿಗೆ ತೆರೆದ ಅಂಗಳವಾಗಿ ಬಿಡುವುದು, ತರಗತಿಗಳ ಸಾಲನ್ನು ಕೋಣೆಗಳನ್ನಾಗಿ ಮಾಡುವುದು ಎಂದು ನಿಶ್ಚಯವಾಯಿತು. ಹೋಗುವಾಗ ಅವಳು ಕೇಳಿದ್ದು ಒಂದೇ: "ಆ ಮೇಸ್ತ್ರಿ ಇನ್ನೂ ಅದಾರೇನ್ರಿ?"

ಇದ್ದ. ಬೇವೂರಿನಲ್ಲಿ ಮಗನ ಹತ್ತಿರ ಇದ್ದ. ನಾನು ಹೋದಾಗ ಬಾಗಿಲ ಮುಂದೆ ಕೂತು ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದ. ಚೀಲ ಹೊತ್ತು ಹೊತ್ತು ಕುತ್ತಿಗೆ ಒಂದು ಕಡೆಗೆ ವಾಲಿತ್ತು. ನನ್ನನ್ನು ನೋಡಿ ಕೂಡು ಎಂದ. ಅಳ್ಯಾ ಅನ್ನಲಿಲ್ಲ.

"ಮಾಂವ, ಆ ಸ್ಲ್ಯಾಬ್ ಕೆಡಿಸಿದಾಂವ ನಾನು. ಮ್ಯಾಲೆ ಸವಳು ಹಾಕ್ಸಿದ್ದೆ."

ಅವನ ಬೆರಳುಗಳು ನಿಲ್ಲಲಿಲ್ಲ. ಒಂದು ಕಾಯಿ ಒಡೆದ, ಬೀಜ ಮೊರಕ್ಕೆ ಹಾಕಿದ, ಇನ್ನೊಂದು ಎತ್ತಿಕೊಂಡ.

"ಎಷ್ಟ್ ಸಲ ಹಾಕಿದಿ?"

"ವರ್ಷಾ ಹಾಕ್ತಿದ್ದೆ."

"ಡಾಂಬರ್ ಹಚ್ಚಿದ್ರ ಮುಗೀತಿತ್ತು. ಬರ್ತೀನಂತ ಹೇಳಿ ಕಳಿಸಿದ್ದೆ."

"ಹೌದು."

"ಉಸುಕು ನಿನ್ನ ಕೈಯಾಗೂ ಹಾಕಿದ್ದೆ. ನಾಲಿಗಿ ಮ್ಯಾಲೆ ಇಟ್ಕೊಂಡು ನೋಡಿದ್ದಿ."

ಒಳಗಿಂದ ಅವನ ಸೊಸೆ ನೀರು ತಂದಿಟ್ಟು ಹೋದಳು. ತಪ್ಪಾಯಿತು ಎಂದು ಅವನ ಕಾಲಿಗೆ ಕೈ ಚಾಚಿದೆ. ಅವನು ಕಾಲು ಹಿಂದಕ್ಕೆ ಎಳೆದುಕೊಂಡ.

"ನನಗ್ಯಾಕ ಹೇಳ್ತಿ? ನಾ ಉಪ್ಪುಸುಕು ಹಾಕಿಲ್ಲಂತ ನನಗ ಅವತ್ತ ಗೊತ್ತಿತ್ತು. ಗೊತ್ತಿಲ್ಲದವ್ರಿಗೆ ಹೇಳು. ಚಾದಂಗಡ್ಯಾಗ ಹೇಳು, ಮುಂಜಾನಿ, ಎಲ್ಲಾರೂ ಇದ್ದಾಗ."

ಎರಡು ದಿನ ಮನೆಯಲ್ಲೇ ಕೂತೆ. ಮೂರನೆಯ ಮುಂಜಾನೆ ಹೋದೆ. ಅಂಗಡಿ ಅದೇ, ಮುಂದೆ ತಗಡಿನ ಚಪ್ಪರ ಹೊಸದು. ಗೌಂಡಿಗಳು, ಟೈಲ್ಸ್ ಕೂರಿಸುವವರು ನಿಂತಿದ್ದರು. ಬಹಳ ಜನ ಹರೆಯದವರು, ಕೆಲವರು ಹೊರಗಿನಿಂದ ಬಂದವರು. ಆಗ ನಕ್ಕವರಲ್ಲಿ ಒಬ್ಬನೂ ಅಲ್ಲಿರಲಿಲ್ಲ. ಕೆಲವರು ಸತ್ತಿದ್ದಾರೆ, ಉಳಿದವರಿಗೆ ಮುಂಜಾನೆ ಇಲ್ಲಿಗೆ ಬಂದು ನಿಲ್ಲುವ ವಯಸ್ಸು ದಾಟಿದೆ. ಆದರೂ ಬೆಂಚು ಹಿಡಿದು ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಬೇವೂರಿನ ಮೇಸ್ತ್ರಿಯದು ತಪ್ಪಿರಲಿಲ್ಲ, ಸ್ಲ್ಯಾಬಿನ ಮೇಲೆ ಸವಳು ಹಾಕಿದವನು ನಾನು, ಸುಳ್ಳು ಹೇಳಿದವನು ನಾನು.

ಯಾವ ಮೇಸ್ತ್ರಿ ಎಂದು ಒಬ್ಬ ಕೇಳಿದ. ಯಾರಿಗೂ ತಿಳಿಯಲಿಲ್ಲ. ಕೊನೆಗೆ ತಿಳಿಸುವುದಕ್ಕೆ ಆ ಹೆಸರನ್ನೇ ನನ್ನ ಬಾಯಿಂದ ಹೇಳಬೇಕಾಯಿತು, ಉಪ್ಪಿನ ಮೇಸ್ತ್ರಿ ಅನ್ನುತ್ತಿದ್ದರಲ್ಲ, ಅವನು ಎಂದು. ಹುಡುಗರು ನಕ್ಕರು. "ಉಪ್ಪಿನ ಮೇಸ್ತ್ರಿ ಅಂದ್ರ ಏನ್ ಕಾಕಾ, ಖಾರದ ಮೇಸ್ತ್ರೀನೂ ಇದ್ನೇನು?" ಎಂದ ಒಬ್ಬ. ಸತ್ತಿದ್ದ ಹೆಸರನ್ನು ನಾನೇ ಮತ್ತೆ ಎಬ್ಬಿಸಿದಂತಾಯಿತು. ಚಹಾ ಸೋಸುತ್ತಿದ್ದವನು ಹಳೆಯ ಮಾಲಕನ ಮಗ. ಅವನೊಬ್ಬ ಗದರಿದ, "ಹಿರೇರು ಏನೋ ಹೇಳಾಕ ಹತ್ಯಾರ, ಸುಮ್ನಿರ್ರಿ." ಅವರು ಸುಮ್ಮನಾದರು. ಅಷ್ಟರಲ್ಲಿ ಕೆಲಸಕ್ಕೆ ಕರೆದೊಯ್ಯುವ ಟಂಟಂ ಆಟೋ ಬಂತು, ಎಲ್ಲರೂ ಅದರ ಕಡೆ ಓಡಿದರು.

ಮತ್ತೆ ಬೇವೂರಿಗೆ ಹೋಗಿ ತರಗತಿಗಳ ಸ್ಲ್ಯಾಬು ಉಳಿದದ್ದನ್ನೂ, ಅಂಗಡಿಯಲ್ಲಿ ನಡೆದದ್ದನ್ನೂ ಹಾಗೇ ಹೇಳಿದೆ, ನಕ್ಕದ್ದನ್ನೂ ಬಿಡದೆ.

"ಹಂಗಾರ ಎಲ್ಲಾರೂ ಮರತಾರ" ಎಂದ. "ನಾ ಒಬ್ಬಾವನ ಹೊತ್ಕೊಂಡು ಕುಂತಿದ್ದೆ ನೋಡು." ಆಮೇಲೆ ಎದ್ದು ಗೂಟದಲ್ಲಿದ್ದ ಅಂಗಿ ತೆಗೆದುಕೊಂಡ. "ಉಳದಿದ್ದ ಸ್ಲ್ಯಾಬ್ ತೋರ್ಸು."

ಬಸ್ಸಿನಲ್ಲಿ ಹೋದೆವು. ಅವತ್ತು ಎಂಜಿನಿಯರ್ ಇದ್ದಳು. ಅವನು ಯಾರೆಂದು ಹೇಳಿದೆ. ಅವಳು ತಲೆಯ ಮೇಲಿನ ಟೊಪ್ಪಿಗೆ ತೆಗೆದು ಅವನನ್ನು ತರಗತಿಗಳ ಸಾಲಿಗೆ ಕರೆದುಕೊಂಡು ಹೋದಳು. ಕೆಲಸದವರೂ ಅಲ್ಲೇ ಇದ್ದರು. "ಈ ಸ್ಲ್ಯಾಬ್ ನೀವ ಹಾಕಿದ್ದಲ್ರಿ? ಭಾಳ ಛಲೋ ಐತ್ರಿ. ಇದರ ಮ್ಯಾಲೆ ಇನ್ನೊಂದು ಅಂತಸ್ತು ಎತ್ತಾಕ ಹತ್ತೀವಿ" ಎಂದಳು. ಅವನು ವಾಲಿದ ಕುತ್ತಿಗೆಯನ್ನು ಕಷ್ಟಪಟ್ಟು ಹಿಂದಕ್ಕೆ ಮಾಡಿ ಮೇಲೆ ನೋಡಿದ. ಕಾಂಕ್ರೀಟು ಸುರಿಯಲು ಕೆಳಗೆ ಹೊಡೆದಿದ್ದ ಸೆಂಟ್ರಿಂಗ್ ಹಲಗೆಯ ಗುರುತುಗಳು ಇನ್ನೂ ಹಾಗೇ ಇದ್ದವು. ಗೋಡೆ ಹಿಡಿದುಕೊಂಡು ಆ ತುದಿಯಿಂದ ಈ ತುದಿಗೆ ಒಮ್ಮೆ ನಡೆದು ಬಂದ. ಹೊರಗೆ ಹೊಸ ಉಸುಕಿನ ರಾಶಿ ಬಿದ್ದಿತ್ತು. ಅದರ ಮುಂದೆ ನಿಂತು ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡ. ಈಗಿನದು ಕಲ್ಲು ಪುಡಿ ಮಾಡಿದ ಉಸುಕು, ಹೊಳೆಯದಲ್ಲ. ಉಗುಳಿದ. ನನ್ನ ಅಂಗೈಗೆ ಹಾಕಲಿಲ್ಲ.

ಓದುವ ಕೋಣೆಯ ಕಡೆ ಅವನು ಹೋಗಲಿಲ್ಲ. ಅಲ್ಲಿ ಅರ್ಧ ಸ್ಲ್ಯಾಬು ತೆಗೆದಿದ್ದರು, ದುಂಡು ಬೆಳಕಿಂಡಿಗಳೆಲ್ಲ ಹೋಗಿ ಬಿಸಿಲು ಒಮ್ಮೆಗೇ ನೆಲಕ್ಕೆ ಬಿದ್ದಿತ್ತು.

ಮರಳುವ ಬಸ್ಸು ಖಾಲಿ ಇತ್ತು. ಅವನು ಮುಂದಿನ ಸೀಟಿನಲ್ಲಿ ಕಿಟಕಿಗೆ ಕೂತು, ಪಕ್ಕದ ಜಾಗದಲ್ಲಿ ತನ್ನ ಟವೆಲ್ ಇಟ್ಟ. ನಾನು ಹಿಂದಿನ ಸೀಟಿನಲ್ಲಿ ಕೂತೆ. ಯಲಬುರ್ಗಾ ಬಂದಾಗ ಎದ್ದು, ಮಾಂವ, ಇಳಿಯುತ್ತೇನೆ ಎಂದೆ. ಹೂಂ ಎಂದ, ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ನಾನು ಇಳಿದೆ. ಬಸ್ಸು ಬೇವೂರಿನ ಕಡೆ ಹೋಯಿತು.